ನ್ಯೂಜೆರ್ಸಿಯಲ್ಲೊಂದು ಹಮ್ಮಿಣಿ ವಾಪಸಿ ಯಾತ್ರೆ

ಹಿತ್ತಲು

ಅಮೆರಿಕದಲ್ಲಿ ನನ್ನನ್ನು ಮೊಟ್ಟಮೊದಲು ಮಾತಾಡಿಸಿದ ಪರದೇಶದ ಗೃಹಸ್ಥ ನನ್ನ ಸಂಡಿಗೆಯ ನಡುವೆ ನಿಂತಿದ್ದ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಧಾರವಾಡದಲ್ಲಿ ಜುಲೈ ಅಂದರೆ ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುವ ತಿಂಗಳು. ಅಂಥಲ್ಲಿಂದ ಬಂದವಳಿಗೆ ನ್ಯೂಜೆರ್ಸಿಯ ಜುಲೈ ಬಿಸಿಲು ಕಂಡರೆ ಕೈ ಸುಮ್ಮನಿರುತ್ತದೆಯೇ? ನನ್ನ ತಮ್ಮ ಶೀನು, ಅವನ ಹೆಂಡತಿ ಮಂದಾಕಿನಿ ಇಬ್ಬರೂ ಡಾಕ್ಟರು. ಬೆಳಿಗ್ಗೆ ಕಾರು ಹತ್ತಿ ಹೋದರೆ ಸಂಜೆಗೇ ಬರುವುದು. ಮನೆಯಲ್ಲಿ ಅಕ್ಕಿಹಿಟ್ಟಿತ್ತು, ಹಳೆಯ ಚಾದರವಿತ್ತು, ಹಿತ್ತಲಲ್ಲಿ ಕತ್ತರಿಸಿ ಒಪ್ಪಮಾಡಿದ ಹುಲ್ಲಿತ್ತು. ಹಿಟ್ಟು ಕುದಿಸಿ, ಚಾದರ ಹಾಸಿ, ಸಂಡಿಗೆ ಇಟ್ಟು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಆಕಾಶದಿಂದ ಒಂದು ಬಿಳಿ ಚೆಂಡು ಬಂದು, ಎರಡು ಸಾಲು ಅಳಿಸಿ, ಮೂರನೆಯ ಸಾಲಿನಲ್ಲಿ ಕೂತಿತು.

ಅದರ ಹಿಂದೆಯೇ ಬೇಲಿಯ ಗಿಡ ಸರಿಸಿಕೊಂಡು ಚೌಕಳಿ ಪ್ಯಾಂಟಿನ ಒಬ್ಬ ಮುದುಕ ಬಂದ. ಟೋಪಿ ತೆಗೆದು ವಂದಿಸಿದ. ನನ್ನ ಇಳಕಲ್ ಸೀರೆ ನೋಡಿದ, ಸಂಡಿಗೆ ನೋಡಿದ, ಇದೇನು ಬಿತ್ತನೆಯೇ ಎಂದು ಕೇಳಿದ. ನನಗೆ ಇಂಗ್ಲಿಷ್ ಬಾರದೆಂದಲ್ಲ. ಹುಡುಗಿಯರ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಆದರೆ ಸಂಡಿಗೆಗೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಯಾವ ಪಠ್ಯದಲ್ಲೂ ಇರಲಿಲ್ಲ. ನಾನು ತಡವರಿಸುತ್ತಿರುವಾಗಲೇ ಆತ ಕಬ್ಬಿಣದ ಕೋಲು ಹಿರಿದು, ಕಾಲು ಅಗಲಿಸಿ, ಅಲ್ಲಿಂದಲೇ ಚೆಂಡು ಹೊಡೆಯಲು ನಿಂತ.

ಅಡುಗೆಮನೆಯ ಕಿಟಕಿಯಿಂದ ಶೀನುವಿನ ಮಗಳು ಉಮಾ ಏನೋ ಹೇಳಿದಳು. ಜೋರಾಗೇನೂ ಅಲ್ಲ. ಇದು ಆಟದ ಗಡಿಯ ಹೊರಗಿನ ಜಾಗ, ಇಲ್ಲಿಂದ ಹೊಡೆಯುವ ಹಾಗಿಲ್ಲ, ಹಿಂದೆ ಹೋಗಿ ಒಂದು ಹೊಡೆತದ ದಂಡ ಹಾಕಿಕೊಂಡು ಮತ್ತೆ ಆಡಬೇಕು ಎಂದಳಂತೆ. ಆತ ಮುಖ ಸಣ್ಣದು ಮಾಡಿಕೊಂಡು ಚೆಂಡು ಎತ್ತಿ, ಅದಕ್ಕೆ ಹತ್ತಿದ ಹಿಟ್ಟು ಒರೆಸಿ, ಬಂದ ದಾರಿಯಲ್ಲೇ ಹೋದ. ನಮ್ಮ ಕಡೆ ಕಿಟಕಿಯಲ್ಲಿ ನಿಂತ ಹದಿನಾರರ ಹುಡುಗಿ ತಪ್ಪು ಅಂದರೆ ಯಾವ ಮುದುಕ ಹಿಂದೆ ಸರಿಯುತ್ತಾನೆ? ಹಾಳಾದ ಸಂಡಿಗೆಯ ಸಿಟ್ಟು ನನಗೆ ಅಲ್ಲಿಗೇ ಇಳಿಯಿತು.

ಶೀನುವಿನ ಮನೆ ಮೆಟುಚೆನ್ ಊರಿನ ಅಂಚಿನಲ್ಲಿ. ಬೇಲಿಯ ಆಚೆ ಸಾರ್ವಜನಿಕರ ಗಾಲ್ಫ್ ಮೈದಾನ. ಇಲ್ಲಿಗೆ ಬಂದಾಗ ಉಮಾ ಎಂಟು ವರ್ಷದವಳು. ಭಾಷೆ ಬಾರದು, ಗೆಳತಿಯರಿಲ್ಲ. ಹಿತ್ತಲಿಗೆ ಹಾರಿಬಂದ ಚೆಂಡುಗಳನ್ನು ಬಕೀಟಿನಲ್ಲಿ ಕೂಡಿಟ್ಟು, ನೆರೆಮನೆಯವರು ಮಾರಿದ ಹಳೆಯ ಕೋಲಿನಿಂದ ಒಂದೊಂದನ್ನೇ ಬೇಲಿಯಾಚೆ ವಾಪಸು ಹೊಡೆಯುತ್ತಿದ್ದಳಂತೆ. ಒಂದು ದಿನ ಮೈದಾನದ ಮಂದಿ ಹೊಡೆಯುವವರು ಯಾರೆಂದು ನೋಡಲು ಬಂದರೆ, ಎರಡು ಜಡೆಯ ಹುಡುಗಿ. ಅವರೇ ಒಳಗೆ ಕರೆದುಕೊಂಡು ಹೋದರು. ನಾನು ಹೋಗುವ ಹೊತ್ತಿಗೆ ಅವಳು ಸುತ್ತಲಿನ ಹುಡುಗಿಯರನ್ನೆಲ್ಲ ಸೋಲಿಸಿ ಕಪ್ ಗೆದ್ದು ತಂದಿದ್ದಳು, ಊರ ಪೇಪರಿನಲ್ಲಿ ಫೋಟೋ ಬಂದಿತ್ತು. ಆ ತಿಂಗಳ ಕೊನೆಗೆ ರಾಜ್ಯದ ಹುಡುಗಿಯರ ಪಂದ್ಯ. ಅದನ್ನು ನೋಡಲು ಒಂದು ದೊಡ್ಡ ಕಾಲೇಜಿನ ತರಬೇತುದಾರ್ತಿ ಬರುವವಳಿದ್ದಳು. ಆಕೆಯ ಕಣ್ಣಿಗೆ ಬಿದ್ದರೆ ಕಾಲೇಜಿನಲ್ಲಿ ಓದೂ ಆಟವೂ ಎರಡೂ ಉಂಟು. ಇಲ್ಲದಿದ್ದರೆ ಅಪ್ಪ ಅವ್ವ ಹೇಳಿದ ಹಾಗೆ ಡಾಕ್ಟರಿಕೆಗೆ ಸೇರುವುದು, ಕೋಲುಗಳನ್ನು ಅಟ್ಟಕ್ಕೆ ಹಾಕುವುದು. ಇದು ಮನೆಯಲ್ಲಿ ಆಗಿದ್ದ ಒಪ್ಪಂದ.

ಇಷ್ಟು ಗೆದ್ದದ್ದಕ್ಕೆ ಏನು ಕೊಡುತ್ತಾರೆ ಎಂದು ಕೇಳಿದೆ. ಏನೂ ಇಲ್ಲ, ತಾನು ಅಮೆಚೂರ್, ಅಂದರೆ ಆಸೆಗೆ ಆಡುವವಳು ಎಂದಳು. ಪಾಪ, ಬಿಟ್ಟಿ ದುಡಿಸಿಕೊಳ್ಳುತ್ತಾರಲ್ಲ ಎಂದುಕೊಂಡೆ.

ಬೇಲಿಯ ಆಚೆ

ಒಂದು ಶನಿವಾರ ಅವಳ ಜೊತೆ ಮೈದಾನಕ್ಕೆ ಹೋದೆ. ಬೆಳಿಗ್ಗೆಯೇ ಹೊರಟವರು ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನ ಮೇಲೆ ಕೂತೆವು. ಶನಿವಾರ, ಭಾನುವಾರ ಬೆಳಿಗ್ಗೆ ಗಂಡಸರಿಗೆ ಮಾತ್ರವಂತೆ. ವಾರವಿಡೀ ದುಡಿದವರಿಗೆ ಮೊದಲು ಅವಕಾಶ ಎಂದು ಅದಕ್ಕೆ ಕಾರಣ. ಹಾಗಾದರೆ ಇವಳ ತಾಯಿ ಮಂದಾಕಿನಿ ವಾರವಿಡೀ ಆಸ್ಪತ್ರೆಯಲ್ಲಿ ಮಾಡುವುದೇನು ಎಂದು ಅಲ್ಲಿನ ಗುಮಾಸ್ತನನ್ನು ಕೇಳಿದೆ. ಅವನು ನನ್ನ ಮುಖ ನೋಡಿದ, ಕೊಡೆ ನೋಡಿದ, ಮತ್ತೆ ತನ್ನ ರಿಜಿಸ್ಟರ್ ತೆರೆದ. ಸ್ವತಂತ್ರ ಮಹಿಳೆಯರ ದೇಶವೆಂದು ನಾನು ಕ್ಲಾಸಿನಲ್ಲಿ ಎಷ್ಟು ಭಾಷಣ ಬಿಗಿದಿದ್ದೆನೋ, ಆ ಹುಡುಗಿಯರೆಲ್ಲ ಈಗ ಎದುರಿಗಿದ್ದಿದ್ದರೆ ತಿದ್ದಿ ಹೇಳುತ್ತಿದ್ದೆ.

ಆಟ ನನಗೆ ತಿಳಿದದ್ದು ಇಷ್ಟು: ಒಂದು ಚೆಂಡನ್ನು ಹೊಡೆದು ಅದರ ಹಿಂದೆ ಮೈಲಿಗಟ್ಟಲೆ ನಡೆಯಬೇಕು, ಕೊನೆಗೊಂದು ಕುಳಿಗೆ ಹಾಕಬೇಕು, ಹಾಕಿದ ತಕ್ಷಣ ತೆಗೆಯಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ಆದರೆ ಉಮಾ ಹೊಡೆಯುವುದನ್ನು ನೋಡಿದ ಮೇಲೆ ನಾನು ನಗುವುದನ್ನು ಬಿಟ್ಟೆ. ಮನೆಯಲ್ಲಿ ಬಾಗಿಲಿಗೆಲ್ಲ ಢಿಕ್ಕಿ ಹೊಡೆದುಕೊಂಡು ಓಡಾಡುವ ಹುಡುಗಿ ಆ ಕೋಲು ಹಿಡಿದಾಗ ಬೇರೆಯೇ ಆಗುತ್ತಿದ್ದಳು. ಚೆಂಡು ಮೇಲೆ ಹೋಗಿ, ಅಲ್ಲೇ ಒಂದಿಷ್ಟು ಹೊತ್ತು ಇದ್ದು, ಹೇಳಿದ ಜಾಗಕ್ಕೆ ಇಳಿಯುತ್ತಿತ್ತು. ನಮ್ಮ ಮನೆತನದಲ್ಲಿ ಯಾರೂ ಯಾವುದನ್ನೂ ಇಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಒಂದು ಕಡೆ ಚೆಂಡು ಮರಗಳ ಒಳಗೆ ಹೋಯಿತು. ಜೊತೆಗೆ ಆಡುತ್ತಿದ್ದವರು ದೂರದಲ್ಲಿದ್ದರು. ಉಮಾ ಕೋಲನ್ನು ಚೆಂಡಿನ ಹಿಂದೆ ಇಟ್ಟಳು. ಒಣಗಿದ ಎಲೆಯೊಂದು ಸರಿಯಿತೋ ಏನೋ, ಚೆಂಡು ಒಂದು ಸಾಸಿವೆಯಷ್ಟು ಅಲುಗಿತು. ಅವಳು ಥಟ್ಟನೆ ಕೈ ಎತ್ತಿ ಆ ದೂರದವರಿಗೆ ಕೂಗಿ ಹೇಳಿದಳು, ತನ್ನ ಮೇಲೆ ಒಂದು ಹೊಡೆತದ ದಂಡ ಎಂದು. ನಾನು ಕಾಪಿ ಹೊಡೆಯುವ ಹುಡುಗಿಯರನ್ನು ಹಿಡಿಯುವುದರಲ್ಲೇ ತಲೆ ಹಣ್ಣು ಮಾಡಿಕೊಂಡವಳು. ಲಂಗದ ಅಂಚಿನಲ್ಲಿ ಚೀಟಿ, ಅಂಗೈಯಲ್ಲಿ ಸೂತ್ರ, ಎಲ್ಲ ಕಂಡಿದ್ದೇನೆ. ಕಾವಲಿಲ್ಲದ ಕಡೆ ತನ್ನನ್ನು ತಾನೇ ಹಿಡಿದುಕೊಡುವವಳನ್ನು ಮಾತ್ರ ಕಂಡಿರಲಿಲ್ಲ. ಬರುವಾಗ ದಾರಿಯಲ್ಲಿ, ಅದನ್ನು ಯಾರು ನೋಡಿದ್ದರವ್ವಾ ಎಂದು ಕೇಳಿದೆ.

"ಐ ಸಾ ಇಟ್, ಅತ್ಯಾ," ಅಂದಳು.

ಎಡಿಸನ್

ಅದು ಎಪ್ಪತ್ತನಾಲ್ಕನೆಯ ಇಸವಿ, ಆಗ ಆ ಸೀಮೆಯಲ್ಲಿ ಕನ್ನಡದವರು ಬೆರಳೆಣಿಕೆ. ಪೆಟ್ರೋಲಿಗಾಗಿ ಸಾಲು ನಿಂತ ಚಳಿಗಾಲ ಆಗಷ್ಟೇ ಕಳೆದಿತ್ತು, ಆದರೂ ಚಿತ್ರಾನ್ನ ಇದೆ ಎಂದರೆ ಮಂದಿ ಅರ್ಧ ರಾಜ್ಯ ದಾಟಿ ಬರುತ್ತಿದ್ದರು. ಅವರ ಸಂಘದ ಅಧ್ಯಕ್ಷರು ಗೋಪಾಲಸ್ವಾಮಿಯವರು. ಮೈಸೂರಿನವರು, ಪ್ರಿನ್ಸ್‌ಟನ್‌ನಲ್ಲಿ ಯಾವುದೋ ಸಂಶೋಧನೆಯ ಕೆಲಸ. ಬಹಳ ದೊಡ್ಡ ಮನಸ್ಸಿನ ಮನುಷ್ಯ. ಏರ್‌ಪೋರ್ಟಿಗೆ ಬಂದಿಳಿದ ಕನ್ನಡಿಗ ಯಾರೇ ಇರಲಿ, ಮೊದಲ ವಾರ ಅವರ ಮನೆಯಲ್ಲೇ ಊಟ. ಒಂದೇ ದೋಷವೆಂದರೆ, ಯಾರನ್ನಾದರೂ ಸನ್ಮಾನಿಸದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಪಿಎಚ್‌ಡಿ ಮುಗಿಸಿದವರಿಗೆ, ಮನೆ ಕೊಂಡವರಿಗೆ, ಡ್ರೈವಿಂಗ್ ಪರೀಕ್ಷೆ ಮೂರನೆಯ ಸಲಕ್ಕೆ ಪಾಸಾದ ಒಬ್ಬಾಕೆಗೂ ಶಾಲು ಹೊದಿಸಿದ್ದರಂತೆ.

ಪೇಪರಿನಲ್ಲಿ ಉಮಾಳ ಫೋಟೋ ನೋಡಿದವರು ಬಿಡುತ್ತಾರೆಯೇ? ಎಡಿಸನ್ನಿನ ಒಂದು ಶಾಲೆಯ ಸಭಾಂಗಣದಲ್ಲಿ ಸಮಾರಂಭ ಇಟ್ಟರು. ಊರಿಂದ ಬಂದ ಹಿರಿಯಳು, ಅದೂ ಹೆಡ್‌ಮಿಸ್ಟ್ರೆಸ್ ಎಂದು ನನ್ನನ್ನೇ ಮುಖ್ಯ ಅತಿಥಿ ಮಾಡಿದರು. ಬೇಡ ಅನ್ನುವಷ್ಟು ಸಂಕೋಚ ನನಗೂ ಇರಲಿಲ್ಲ. ವೇದಿಕೆಯ ಮೇಲೆ ಉಮಾಳನ್ನು ಮಡಿಚುವ ಕುರ್ಚಿಯಲ್ಲಿ ಕೂಡಿಸಿದರು. ಮೈಸೂರು ಮಲ್ಲಿಗೆ ಸಿಗದೆ ಗುಲಾಬಿ ಬಣ್ಣದ ಯಾವುದೋ ಹೂವಿನ ಹಾರ ಹಾಕಿದರು. ಅವಳಿಗೆ ಸೀನು ಶುರುವಾಯಿತು. ಅಧ್ಯಕ್ಷರು ಮಾತಾಡುತ್ತ ನಮ್ಮ ನಾಡಿನ ವೀರ ರಾಣಿಯರನ್ನೆಲ್ಲ ಕರೆತಂದು, ಅವರ ಕತ್ತಿಯೇ ಇಂದು ಈ ಬಾಲೆಯ ಕೈಯಲ್ಲಿ ಗಾಲ್ಫ್ ದಂಡವಾಗಿದೆ ಎಂದರು. ಉಮಾ ನಡುನಡುವೆ ಸೀನುತ್ತ, ಪಕ್ಕದಲ್ಲಿದ್ದ ನನ್ನನ್ನು ಅರ್ಥ ಕೇಳುತ್ತಿದ್ದಳು. ಹೊಗಳುತ್ತಿದ್ದಾರೆ, ನಗುತ್ತಿರು ಎಂದೆ.

ಕೊನೆಗೆ ಅಧ್ಯಕ್ಷರು ಧ್ವನಿ ಏರಿಸಿ, ಈ ಕ್ರೀಡಾಕುಸುಮದ ಗಾಲ್ಫ್ ಸಾಧನೆಯನ್ನು ಮೆಚ್ಚಿ ಸಮಸ್ತ ಕನ್ನಡಿಗರ ಪರವಾಗಿ ಹಮ್ಮಿಣಿ ಅರ್ಪಣೆ ಎಂದು ಸಾರಿದರು. ಕೆಂಪು ರೇಷ್ಮೆಯ ಚೀಲವೊಂದು ತಟ್ಟೆಯಲ್ಲಿ ನನ್ನ ಮುಂದೆ ಬಂತು. ಒಳಗೆ ಮನೆಮನೆಯವರು ಹಣ ಹಾಕಿಕೊಟ್ಟ ಲಕೋಟೆಗಳು, ಮದುವೆಯ ಮುಯ್ಯಿಯಂತೆ ಒಂದೊಂದರ ಮೇಲೂ ಕೊಟ್ಟವರ ಹೆಸರು. ಬಿಟ್ಟಿ ದುಡಿಯುವ ಹುಡುಗಿಗೆ ಅಂತೂ ನಮ್ಮವರಾದರೂ ನ್ಯಾಯ ಮಾಡಿದರು ಎಂದು ನನಗೆ ಕಣ್ಣು ತುಂಬಿತು. ನನ್ನ ಕೈಯಾರೆ ಚೀಲವನ್ನು ಅವಳ ಕೈಗಿಟ್ಟೆ. ಹಮ್ಮಿಣಿ ಅಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಕೊಬ್ಬರಿ ಸಕ್ಕರೆ ಇರಬೇಕೆಂದುಕೊಂಡು ಎಲ್ಲರಿಗೂ ಕೈ ಮುಗಿದಳು. ಚಪ್ಪಾಳೆಯೋ ಚಪ್ಪಾಳೆ.

ಶೀನುವಿನ ಅಡುಗೆಮನೆ

ಮನೆಗೆ ಬಂದು ಚೀಲ ಬಿಚ್ಚಿದ ಉಮಾ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗಿಂದ ಚೇಳು ಬಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಆಗ ನಮಗೆ ವಿಷಯ ತಿಳಿಯಿತು. ಅಮೆಚೂರ್ ಅಂದರೆ ಹಣ ಕೊಡದವರಲ್ಲ, ಹಣ ಮುಟ್ಟದವರು. ಆಟದ ಹೆಸರಿನಲ್ಲಿ ಒಂದು ಕಾಸು ಪಡೆದರೂ ಆ ಪಟ್ಟ ಹೋಯಿತು. ಪಟ್ಟ ಹೋದರೆ ರಾಜ್ಯದ ಪಂದ್ಯವಿಲ್ಲ, ತರಬೇತುದಾರ್ತಿ ಇಲ್ಲ, ಆ ಕಾಲೇಜೂ ಇಲ್ಲ. ಇಷ್ಟು ವರ್ಷದ ಆಟವನ್ನು ನಾವು ಹಾರ ಹಾಕಿ ಮುಗಿಸಿದ್ದೆವು.

ಶೀನು ತಕ್ಷಣ ಉಪಾಯ ಹೇಳಿದ: ಸದ್ದಿಲ್ಲದೆ ಬೀರುವಿನಲ್ಲಿಡೋಣ, ಕನ್ನಡದವರ ಸಭೆಯ ಸುದ್ದಿ ಗಾಲ್ಫಿನವರಿಗೆ ಯಾರು ಹೇಳುತ್ತಾರೆ? ಉಮಾ ಅವನ ಮಾತು ಮುಗಿಯುವ ಮೊದಲೇ ಗೋಡೆಯ ಮೇಲಿನ ಫೋನೆತ್ತಿ ಪಂದ್ಯದ ನಿಯಮ ಸಮಿತಿಯ ಮಿಸೆಸ್ ವಿಟ್ಲಾಕ್‌ಗೆ ತಾನೇ ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಅತ್ತಳು. ತನ್ನನ್ನು ತಾನೇ ಹಿಡಿದುಕೊಡುವ ಅವಳ ಗುಣ ಒಳ್ಳೆಯತನವೋ ಪೆದ್ದುತನವೋ ಎಂದು ನಾನು ಇಷ್ಟು ದಿನ ಯೋಚಿಸುತ್ತಿದ್ದೆ. ಅವಳು ಅಳುವುದನ್ನು ನೋಡಿ ಎರಡೂ ಇರಬೇಕು ಎನ್ನಿಸಿತು. ನನಗೂ ಅಳು ಬಂತು.

ಮಿಸೆಸ್ ವಿಟ್ಲಾಕ್ ತೀರ್ಪು ಕೊಟ್ಟರು. ತಿಳಿಯದೆ ಪಡೆದದ್ದು, ಆದ್ದರಿಂದ ಒಂದು ದಾರಿ ಇದೆ. ಪಂದ್ಯದ ದಿನ ಮೊದಲ ಚೆಂಡು ಹೊಡೆಯುವ ಮೊದಲು ಕೊಟ್ಟವರ ಹಣ ಕೊಟ್ಟವರ ಕೈಗೇ, ಉಮಾಳೇ ಹೋಗಿ, ತಲುಪಿಸಬೇಕು. ಅಂಚೆಯಲ್ಲಿ ಕಳಿಸುವುದು, ಸಂಘಕ್ಕೆ ಒಪ್ಪಿಸುವುದು ನಡೆಯದು. ಒಬ್ಬರದು ಉಳಿದರೂ ಆಡುವಂತಿಲ್ಲ. ಅಮೆರಿಕನ್ನರಿಗೆ ಇದು ಸುಲಭ ಕೆಲಸ ಅನ್ನಿಸಿರಬೇಕು. ಪ್ರೀತಿಯಿಂದ ಕೊಟ್ಟದ್ದನ್ನು ಕನ್ನಡಿಗರಿಗೆ ವಾಪಸು ಕೊಡುವುದು ಅಂದರೆ ಏನೆಂದು ಆ ತಾಯಿಗೆ ಏನು ಗೊತ್ತು?

ಪಾರ್ಸಿಪನಿ

ನಾನು ಅಮೆರಿಕದಲ್ಲಿ ಕಂಡ ಊರುಗಳೆಲ್ಲ ಹೀಗೆ ಲಕೋಟೆ ಮರಳಿಸುತ್ತ ಕಂಡವೇ. ಶೀನು ರಜೆ ಹಾಕಿದ. ದೊಡ್ಡ ಹೆದ್ದಾರಿಯಲ್ಲಿ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗುವುದು ಅವನ ಅಭ್ಯಾಸ. ಒಮ್ಮೆ ತಪ್ಪಿದರೆ ಹಿಂದಿರುಗಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದಷ್ಟು ಹೋಗಬೇಕು. ನಾನು ಹಿಂದಿನ ಸೀಟಿನಲ್ಲಿ ಹಮ್ಮಿಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ.

ಪಾರ್ಸಿಪನಿಯ ದಾವಣಗೆರೆ ದಂಪತಿಗಳ ಮನೆ ಮೊದಲನೆಯದು. ಉಪ್ಪಿಟ್ಟು, ಕಾಫಿ, ಊರಿನ ಸುದ್ದಿ ಎಲ್ಲ ಆಯಿತು. ಲಕೋಟೆ ತೆಗೆದ ತಕ್ಷಣ ಗಂಡ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹೆಂಡತಿ ಒಳಗೆ ಓಡಿದಳು. ನಿಯಮ ವಿವರಿಸಿದರೆ, ಆ ನಿಯಮ ಅವರಿಗಿರಲಿ, ನಮ್ಮ ಹುಡುಗಿಗೆ ನಾವು ಕೊಟ್ಟರೆ ಅವರದೇನು ಗಂಟು ಹೋಯಿತು ಎಂದರು. ಕೊನೆಗೆ ತಟ್ಟೆಯ ಕೆಳಗೆ ಲಕೋಟೆ ಇಟ್ಟು ಕಾರು ಹತ್ತಿದೆವು. ಹೆದ್ದಾರಿ ಸೇರಿದ ಮೇಲೆ ನೋಡಿದರೆ ಅದೇ ಲಕೋಟೆ ನನ್ನ ಕಾಲ ಬಳಿ ಬಿದ್ದಿದೆ. ಕಾರು ಹೊರಡುವಾಗ ಆ ಪುಣ್ಯಾತ್ಮ ಕಿಟಕಿಯಿಂದ ಒಳಗೆಸೆದಿದ್ದ. ಕೈಗೇ ಕೊಡಬೇಕು ಎಂದು ಉಮಾ ಹಟ ಹಿಡಿದಳು. ಮತ್ತೆ ತಿರುಗಿದೆವು, ಮತ್ತೆ ದಾರಿ ತಪ್ಪಿದೆವು.

ನನಗೆ ರೇಗಿಹೋಯಿತು. ಬಾಗಿಲು ತೆಗೆದ ದಾವಣಗೆರೆಯವನ ಮುಂದೆ ಬೆನ್ನು ನೆಟ್ಟಗೆ ಮಾಡಿ, ಕ್ಲಾಸಿನ ಧ್ವನಿಯಲ್ಲಿ ಅಂದೆ:

"ಕೈ ಮುಂದ ಮಾಡು."

ಆತ ಥಟ್ಟನೆ ಬಲಗೈ ಚಾಚಿದ. ಅಂಗೈ ಮೇಲೆ, ಕಣ್ಣು ಅರ್ಧ ಮುಚ್ಚಿ. ಬೆತ್ತ ಬೀಳುತ್ತದೆ ಎಂದು ಕಾಯುವವನ ಹಾಗೆ. ಉಮಾ ಲಕೋಟೆಯನ್ನು ಅದರ ಮೇಲಿಟ್ಟಳು. ಅಲ್ಲಿಂದ ಮುಂದೆ ನನಗೆ ಮಂತ್ರ ಸಿಕ್ಕಿತು. ಸೇತುವೆ ಕಟ್ಟುವ ಎಂಜಿನಿಯರು, ಹೃದಯ ಕೊಯ್ಯುವ ಡಾಕ್ಟರು, ಗಣಿತದ ಪ್ರೊಫೆಸರು, ಎಲ್ಲರೂ ಒಂದು ಕಾಲಕ್ಕೆ ನಮ್ಮ ಶಾಲೆಗಳಲ್ಲಿ ಓದಿದವರೇ. ಹೇಳಿದರೆ ಸಾಕು, ಕೈ ತಾನಾಗಿ ಬರುತ್ತಿತ್ತು.

ಆದರೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಲಕೋಟೆ ಕೊಟ್ಟ ಕಡೆಯೆಲ್ಲ ಕುಪ್ಪಸದ ಕಣ, ತೆಂಗಿನಕಾಯಿ, ನಿಂಬೆ ಉಪ್ಪಿನಕಾಯಿ ಬಂದು ಕೂಡಿದವು. ಒಂದೊಂದಕ್ಕೂ ಉಮಾಳ ಮುಖ ಕಪ್ಪಿಡುತ್ತಿತ್ತು. ಕೊನೆಗೆ ಯಾರದೋ ಮನೆಯಿಂದಲೇ ಮಿಸೆಸ್ ವಿಟ್ಲಾಕ್‌ಗೆ ಫೋನ್ ಮಾಡಿ, ತೆಂಗಿನಕಾಯಿ ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಆ ಕಡೆ ಆಕೆ ಪದವನ್ನು ಎರಡು ಸಲ ಹೇಳಿಸಿಕೊಂಡರು. ಅದು ಗಾಲ್ಫ್ ಆಡಿದ್ದಕ್ಕೆ ಕೊಟ್ಟದ್ದೇ ಎಂದು ಪ್ರಶ್ನೆ ಬಂತು. ನಾನು ಫೋನ್ ಇಸಿದುಕೊಂಡು, ಹೆಣ್ಣಾಗಿ ಹುಟ್ಟಿದ್ದಕ್ಕೆ ಕೊಟ್ಟದ್ದು ಎಂದೆ. ಹಾಗಿದ್ದರೆ ಅಡ್ಡಿಯಿಲ್ಲ ಎಂದರು.

ಕ್ವೀನ್ಸ್

ನ್ಯೂಯಾರ್ಕ್ ನಗರ ನೋಡಿದಿರಾ ಎಂದು ಎಲ್ಲರೂ ಕೇಳುತ್ತಾರೆ. ನೋಡಿದೆ: ಕ್ವೀನ್ಸ್‌ನ ಒಂದು ಅಪಾರ್ಟ್‌ಮೆಂಟಿನ ಲಿಫ್ಟನ್ನು. ಅದು ನಡುವೆ ನಿಂತುಬಿಟ್ಟಿತು. ಜೊತೆಗಿದ್ದ ಪರಿಚಯವಿಲ್ಲದ ಹೆಂಗಸು ಬಾಗಿಲಿನ ಕಡೆ ಮುಖ ಮಾಡಿ, ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಿಂತಿದ್ದಳು. ನಮ್ಮ ಕಡೆ ಇಷ್ಟು ಹೊತ್ತು ಒಂದು ಪೆಟ್ಟಿಗೆಯಲ್ಲಿ ನಿಂತಿದ್ದರೆ ಗೋತ್ರದವರೆಗೂ ಮಾತು ಹೋಗುತ್ತಿತ್ತು.

ನಾವು ಹುಡುಕಿಕೊಂಡು ಹೋದದ್ದು ವಿಜಾಪುರದ ಕಡೆಯ ಒಬ್ಬ ಅಜ್ಜಿಯನ್ನು. ಮಗನ ಮನೆಗೆ ಬಂದವರು. ಅವರ ಲಕೋಟೆಯಲ್ಲಿ ನೋಟಿರಲಿಲ್ಲ, ಹಳೆಯದೊಂದು ಬೆಳ್ಳಿ ನಾಣ್ಯವಿತ್ತು. ಅದನ್ನು ಮರಳಿ ಕೊಡಲು ಉಮಾಳ ಕೈ ಬರಲೊಲ್ಲದು. ನಿಯಮ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ಆಟಾ ಗೀಟಾ ನಂಗ ಗೊತ್ತಿಲ್ಲವ್ವಾ. ಆವತ್ತ ಸಭಾದಾಗ ಎಲ್ಲಾರೂ ತಮ್ಮ ತಮ್ಮ ಮಾತಿನಾಗ ಇದ್ರು. ಈಕಿ ಬಂದು ನನ್ನ ಬಾಜೂಕ ಕೂತು, ಊಟಾ ಆತೇನು ಅಜ್ಜಿ ಅಂದ್ಲು. ಅದಕ್ಕ ಕೊಟ್ಟೇನಿ."

ಮತ್ತೆ ಫೋನು. ಮಿಸೆಸ್ ವಿಟ್ಲಾಕ್ ಈ ಸಲ ಯೋಚಿಸಲೂ ಇಲ್ಲ. ಅದು ಹುಡುಗಿಯದೇ, ಇಟ್ಟುಕೊಳ್ಳಲಿ ಎಂದರು. ಲಿಫ್ಟಿನಲ್ಲಿ ಇಳಿಯುವಾಗ ಉಮಾ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಪ್ರಿನ್ಸ್‌ಟನ್

ಎಲ್ಲ ಮುಗಿದು ಉಳಿದದ್ದು ಅಧ್ಯಕ್ಷರ ಲಕೋಟೆ, ಎಲ್ಲಕ್ಕಿಂತ ದಪ್ಪನೆಯದು. ಅವರನ್ನು ಉದ್ದೇಶಪೂರ್ವಕವಾಗಿಯೇ ಕೊನೆಗೆ ಇಟ್ಟಿದ್ದೆವು. ಮರುದಿನವೇ ಪಂದ್ಯ.

ಗೋಪಾಲಸ್ವಾಮಿಯವರ ಮನೆಯಲ್ಲಿ ಬಿಸಿಬೇಳೆಭಾತು ಮಾಡಿಸಿಟ್ಟಿದ್ದರು. ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಊರವರೆಲ್ಲ ಕೈ ಚಾಚಿ ಇಸಿದುಕೊಂಡರು ಎಂದು ಕೇಳಿ ಅವರಿಗೆ ಅವಮಾನವಾಗಿತ್ತು, ಊರವರ ಪರವಾಗಿ. ನಾನು ನನ್ನ ಮಂತ್ರ ಹಾಕಿದೆ. ಧ್ವನಿಯನ್ನು ಎಂದಿಗಿಂತ ಗಟ್ಟಿ ಮಾಡಿ ಕೈ ಮುಂದೆ ಮಾಡಿರೆಂದೆ. ಅವರು ನಕ್ಕರು.

"ಅಮ್ಮಾ, ನಾನೂ ಮೇಷ್ಟ್ರ ಮಗ. ಆ ಸ್ವರ ನಮ್ಮನೇಲೇ ಇತ್ತು. ನನ್ಹತ್ರ ನಡೆಯಲ್ಲ."

ಆಮೇಲೆ ನಗು ಬಿಟ್ಟು ಹೇಳಿದರು. ಅವರ ತಂದೆ ಒಂದೇ ಪಂಚೆಯಲ್ಲಿ ಕಾಲ ಕಳೆದರೂ ಕೊಟ್ಟದ್ದನ್ನು ಮರಳಿ ಮುಟ್ಟಿದವರಲ್ಲವಂತೆ. ಮೈಕಿನಲ್ಲಿ ಸಾರಿ ಕೊಟ್ಟದ್ದನ್ನು ಇಸಿದುಕೊಂಡರೆ ನಾಳೆ ಸಂಘದ ಮುಂದೆ ಮುಖ ಎತ್ತಿ ನಿಲ್ಲುವುದು ಹೇಗೆ? ಬೇಕಾದರೆ ಹೊಳೆಗೆ ಎಸೆಯಿರಿ, ತನ್ನ ಕೈಗೆ ಮಾತ್ರ ಬೇಡ ಎಂದರು. ಶೀನು ಅಜ್ಜಿಯ ನಾಣ್ಯದ ಕಥೆ ಹೇಳಿದ. ಅಧ್ಯಕ್ಷರ ಮುಖ ಅರಳಿತು. ಹಾಗಾದರೆ ತನ್ನದೂ ಆಟಕ್ಕಲ್ಲ, ಬರಿಯ ವಾತ್ಸಲ್ಯ ಎಂದು ಆ ವಿಟ್ಲಾಕ್‌ಗೆ ಹೇಳಿಬಿಡಿ ಎಂದರು.

ಉಮಾ ಬಿಸಿಬೇಳೆಭಾತಿನ ತಟ್ಟೆ ಕೆಳಗಿಟ್ಟಳು. "ಬಟ್ ಅಂಕಲ್, ಯು ಸೆಡ್ ಗಾಲ್ಫ್. ಮೈಕ್‌ನಲ್ಲಿ ಹೇಳಿದ್ರಿ." ಅಧ್ಯಕ್ಷರು ಎದ್ದು ಒಳಗೆ ಹೋದರು. ಅವರ ಹೆಂಡತಿ ನಮಗೆ ಕುಂಕುಮ ಕೊಟ್ಟು, ಕಣ್ಣಲ್ಲೇ ಕ್ಷಮೆ ಕೇಳಿ, ಬಾಗಿಲವರೆಗೆ ಬಂದರು.

ಮೊದಲ ಹೊಡೆತದ ಜಾಗ

ಪಂದ್ಯ ಬೇರೆ ಊರಿನ ದೊಡ್ಡ ಮೈದಾನದಲ್ಲಿ. ಹುಲ್ಲು ಕಂಡರೆ ಚಪ್ಪಲಿ ಬಿಡಬೇಕೆನ್ನಿಸುವಷ್ಟು ನುಣುಪು. ತರಬೇತುದಾರ್ತಿ ಬಂದು ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದಳು. ಮೊದಲ ಹೊಡೆತದ ಜಾಗದ ಪಕ್ಕ ಹೂವಿನ ಟೋಪಿ ಹಾಕಿಕೊಂಡು ಮಿಸೆಸ್ ವಿಟ್ಲಾಕ್. ಕೃಶ ದೇಹ, ಮೆತ್ತನೆಯ ಮಾತು, ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ಕಣ್ಣು. ಎಲ್ಲವೂ ತಲುಪಿತೇ ಎಂದು ಕೇಳಿದರು.

ಶೀನು ನನ್ನ ಕಿವಿಯಲ್ಲಿ, "ಹ್ಞೂಂ ಅನ್ನಲಿ ಅಕ್ಕಾ, ಆಮ್ಯಾಲೆ ಹ್ಯಾಂಗರ ಮಾಡಿ ಕೊಟ್ಟರಾತು," ಅಂದ. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನೂ ಹ್ಞೂಂ ಅನ್ನಲಿ ಎಂದೇ ಬೇಡಿಕೊಂಡೆ. ಉಮಾ, ಒಬ್ಬರದು ಉಳಿದಿದೆ ಎಂದಳು. ಮಿಸೆಸ್ ವಿಟ್ಲಾಕ್ ಅವಳ ಹೆಗಲ ಮೇಲೆ ಕೈಯಿಟ್ಟು, ಹಾಗಾದರೆ ನಿನ್ನ ಹೆಸರು ಕರೆಯಲಾರೆ ಮಗೂ ಎಂದರು. ಅವರಿಗೂ ಬೇಸರವಾಗಿತ್ತು, ಆದರೆ ಮಾತು ಬದಲಾಗಲಿಲ್ಲ. ಉಮಾ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು.

ಆಗಲೇ ನಮ್ಮವರು ಬಂದರು. ಅರ್ಧ ಸಂಘವೇ ಕಾರುಗಳಿಂದ ಇಳಿಯಿತು. ಟಿಫಿನ್ ಕ್ಯಾರಿಯರು, ಜಮಖಾನ, ಕ್ಯಾಮೆರಾ, ವಿಜಾಪುರದ ಅಜ್ಜಿ. ಮುಂದೆ ಅಧ್ಯಕ್ಷರು, ಸೂಟು ಹಾಕಿಕೊಂಡು. ಹುಡುಗಿ ಯಾಕೆ ಬೂಟು ಬಿಚ್ಚುತ್ತಿದ್ದಾಳೆ ಎಂದು ಕೇಳಿದರು. ಮಿಸೆಸ್ ವಿಟ್ಲಾಕ್ ಅವರಿಗೆ ಎರಡೇ ಮಾತಿನಲ್ಲಿ ಹೇಳಿದರು. ಅಧ್ಯಕ್ಷರು ನಿಯಮ ತಪ್ಪೆಂದು ವಾದಕ್ಕೆ ನಿಂತರು. ಆಕೆ ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ. ಆಚೆ ಬೇರೆ ಹುಡುಗಿಯ ಹೆಸರು ಕರೆದರು, ಅವಳು ಹೊಡೆದು ಹೊರಟಳು. ಮುಂದಿನದು ಉಮಾಳ ಸರದಿ.

ಉಮಾ ಎದ್ದು ಅಧ್ಯಕ್ಷರ ಮುಂದೆ ಬಂದಳು. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರಿಯ ಕಾಲುಚೀಲ. ಲಕೋಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಅಂಕಲ್, ನಂಗ ಆಡಬೇಕು," ಅಂದಳು. ಅಷ್ಟನ್ನೂ ಕನ್ನಡದಲ್ಲೇ ಹೇಳಿದಳು.

ಅಧ್ಯಕ್ಷರು ಹಿಂದೆ ತಿರುಗಿ ನೋಡಿದರು. ಸಂಘದವರೆಲ್ಲ ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದರು. ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಆಮೇಲೆ ಬಲಗೈ ಮುಂದೆ ಬಂತು. ಕೊಡುವುದಕ್ಕೇ ಅಭ್ಯಾಸವಾದ ಕೈ, ಮೊದಲು ಅಂಗೈ ಕೆಳಗಾಗಿಯೇ ಬಂತು. ಅದನ್ನವರು ನಿಧಾನವಾಗಿ ಮಗುಚಿ ಹಿಡಿದರು.

"ಕೊಡಮ್ಮ."

ಮಿಸೆಸ್ ವಿಟ್ಲಾಕ್ ಟೋಪಿ ಸರಿಮಾಡಿಕೊಂಡು ಉಮಾಳ ಹೆಸರು ಕರೆದರು. ತಪ್ಪು ತಪ್ಪಾಗಿ ಕರೆದರು, ಯಾರೂ ತಿದ್ದಲಿಲ್ಲ. ಶೀನು ಮೊಣಕಾಲೂರಿ ಮಗಳಿಗೆ ಬೂಟು ತೊಡಿಸಿ ದಾರ ಕಟ್ಟಿದ. ಅವಳು ಹೋಗಿ, ಹುಲ್ಲಿನಲ್ಲಿ ಚೆಂಡಿಟ್ಟು, ಒಂದು ಸಲ ಉಸಿರು ಬಿಟ್ಟು ಹೊಡೆದಳು. ಚೆಂಡು ಹೋಯಿತು, ಹೋಗುತ್ತಲೇ ಇತ್ತು. ತರಬೇತುದಾರ್ತಿ ಕಾಫಿ ಲೋಟವನ್ನು ನೆಲಕ್ಕಿಟ್ಟಳು.

ನಮ್ಮವರಿಗೆ ಚಪ್ಪಾಳೆ ತಟ್ಟಬಹುದೋ ಬಾರದೋ ಗೊತ್ತಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ತಟ್ಟಿದವರು ಅಧ್ಯಕ್ಷರು. ಲಕೋಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ತಟ್ಟುತ್ತಿದ್ದರು.